ಪಕ್ಕದ ಮನೆಯ ವಯಸ್ಸಾದ ದಂಪತಿ ಸ್ವಂತ ದುಡ್ಡಲ್ಲಿ ಮಿಷನ್‌ಗೆ ಹೊರಟಿದ್ದಾರೆ. ಅಲ್ಲಿ ದಿನಾ ಏನು ಮಾಡ್ತಾರೆ, ಗೊತ್ತಿರೋರು ಹೇಳಿ

ತುಂಗಾತೀರ
ಎಲ್ರಿಗೂ ನಮಸ್ಕಾರ. ನಾವಿರೋದು ಯೂಟಾದ ಲೀಹೈನಲ್ಲಿ. ಪಕ್ಕದ ಮನೆಯವರು ಅಂತಿಮ ದಿನಗಳ ಸಂತರ ಸಭೆಗೆ ಸೇರಿದವರು, ಜನ ಮಾರ್ಮನ್ ಅಂತ ಕರೀತಾರಲ್ಲ ಅವರು. ಗಂಡ ಹೆಂಡ್ತಿ ಇಬ್ರಿಗೂ ಅರವತ್ತೈದು ದಾಟಿದೆ. ಅಂಕಲ್ ಹೈಸ್ಕೂಲ್ ಮೇಷ್ಟ್ರಾಗಿದ್ದು ರಿಟೈರ್ ಆದವರು, ಆಂಟಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಲ್ಲಿ ಲೆಕ್ಕ ಬರೀತಿದ್ರು. ನನ್ನ ಮಗಳು ಹುಟ್ಟಿದಾಗ ಅಮ್ಮಂಗೆ ಇನ್ನೂ ವೀಸಾ ಆಗಿರ್ಲಿಲ್ಲ, ಆಗ ದಿನಾ ಒಬ್ಬೊಬ್ರ ಮನೆಯಿಂದ ಊಟ ಬರೋ ಹಾಗೆ ಮಾಡಿದ್ದು ಈ ಆಂಟಿನೇ, ನಾವು ಮಾಂಸ ತಿನ್ನಲ್ಲ ಅಂತ ಎಲ್ರಿಗೂ ಮೊದ್ಲೇ ಹೇಳಿಟ್ಟಿದ್ರು.

ಈಗ ಮುಂದಿನ ತಿಂಗಳು ಇಬ್ರೂ ಫಿಲಿಪೀನ್ಸ್‌ಗೆ ಹೊರಟಿದ್ದಾರೆ, 18 ತಿಂಗಳು, ಸೀನಿಯರ್ ಮಿಷನ್ ಅಂತೆ. ಖರ್ಚೆಲ್ಲ ಅವರದೇ ಅಂತೆ. ಮೊಮ್ಮಕ್ಕಳು ಇಲ್ಲೇ ಇದ್ದಾರೆ, ಅಂಕಲ್‌ಗೆ ಮಂಡಿನೋವು, ಆಂಟಿಗೆ ಬಿಪಿ. ಕೇಳಿದ್ರೆ ನಗ್ತಾ "ಆಫೀಸ್ ಕೆಲಸ" ಅಂದ್ರು ಅಷ್ಟೇ. ನನ್ನ ಗಂಡ ಹೇಳೋದು ಇದು ಮತಪ್ರಚಾರ, ಮನೆ ಮನೆ ಬಾಗಿಲು ತಟ್ಟೋದು ಅಂತ. ನಂಗೆ ಯಾಕೋ ಹಾಗೆ ಅನ್ಸಲ್ಲ. ಇದನ್ನ ಕೇಳೋಕೆ ಇನ್ನೊಂದು ಕಾರಣಾನೂ ಇದೆ. ನಮ್ಮಪ್ಪ ಶಿವಮೊಗ್ಗದಲ್ಲಿ ಬ್ಯಾಂಕಿಂದ ರಿಟೈರ್ ಆದ್ಮೇಲೆ ಬೆಳಗ್ಗಿಂದ ರಾತ್ರಿವರೆಗೂ ನ್ಯೂಸ್ ಚಾನೆಲ್ ಮುಂದೆನೇ ಕೂತಿರ್ತಾರೆ, ಅಮ್ಮಂಗೆ ಸಾಕಾಗಿ ಹೋಗಿದೆ.

ಶಂಕ್ರಣ್ಣ_ಯೂಟಾ
ಬಾಗಿಲು ತಟ್ಟೋದು ಇವರ ಕೆಲಸ ಅಲ್ಲ ಕಣಮ್ಮ. ಬಿಳಿ ಶರ್ಟು ಟೈ ಹಾಕ್ಕೊಂಡು ಜೋಡಿಯಾಗಿ ಓಡಾಡ್ತಾರಲ್ಲ ಆ ಹುಡುಗ್ರ ಲೆಕ್ಕಾನೇ ಬೇರೆ. 2012ರಿಂದ ಹುಡುಗ್ರು 18ಕ್ಕೇ ಹೋಗ್ಬಹುದು, ಎರಡು ವರ್ಷ. ಅವರಿಗೆ ಎಲ್ಲಿಗೆ ಅಂತ ಕೇಳೋ ಹಾಗಿಲ್ಲ. ದೊಡ್ಡವರಿಗೆ 6, 12, 18, 23 ತಿಂಗಳು ಅಂತ ಅವಧಿ ಇದೆ, ಅವರೇ ಆರಿಸ್ಕೋತಾರೆ, ಯಾವ ದೇಶ ಯಾವ ಥರದ ಕೆಲಸ ಅಂತ ಇಷ್ಟಾನೂ ಹೇಳ್ಕೋಬಹುದು, ಆದ್ರೆ ಕೊನೆಗೆ ಪತ್ರ ಬರೋದು ಸಾಲ್ಟ್‌ಲೇಕ್ ಹೆಡ್ಡಾಫೀಸಿಂದ. ಪ್ರೊವೊದಲ್ಲಿ ಒಂದು ವಾರದಷ್ಟು ಟ್ರೈನಿಂಗ್ ಕೊಟ್ಟು ಕಳಿಸ್ತಾರೆ.

ನನ್ನ ಟೀಮಲ್ಲಿದ್ದವನ ಅತ್ತೆ ಮಾವ ಹೀಗೇ ಒಂದು ಮಿಷನ್ ಆಫೀಸಲ್ಲಿ ಇದ್ರು, ಅವನು ಹೇಳ್ತಿದ್ದ. ಒಂದೊಂದು ಮಿಷನ್‌ಗೂ, ಅಂದ್ರೆ ಒಂದೊಂದು ಪ್ರದೇಶಕ್ಕೂ, ಒಂದು ದಂಪತಿ ಮೂರು ವರ್ಷ ಮುಖ್ಯಸ್ಥರಾಗಿರ್ತಾರೆ, ಅವರ ಕೆಳಗೆ ನೂರಾರು ಹುಡುಗ ಹುಡುಗೀರು. ಆ ಮಕ್ಕಳೆಲ್ಲ ಊರೂರಲ್ಲಿ ಬಾಡಿಗೆ ಮನೇಲಿ ಇರ್ತಾರೆ. ಆ ಮನೆಗಳ ಅಗ್ರಿಮೆಂಟ್, ಕರೆಂಟ್ ಬಿಲ್, ನೀರಿನ ಬಿಲ್, ಓನರ್ ಜೊತೆ ಜಗಳ, ಗೀಸರ್ ಕೆಟ್ರೆ ರಿಪೇರಿ, ವೀಸಾ ಮುಗಿಯೋ ತಾರೀಖು, ಊರಿಂದ ಬಂದ ಪಾರ್ಸೆಲ್, ಮಾತ್ರೆ ಔಷಧಿ ಇವನ್ನೆಲ್ಲ ನೋಡ್ಕೊಳ್ಳೋದು ಈ ವಯಸ್ಸಾದವರೇ. ಆರು ವಾರಕ್ಕೊಮ್ಮೆ ಹುಡುಗ್ರಿಗೆ ಟ್ರಾನ್ಸ್‌ಫರ್ ಆಗತ್ತೆ, ಆ ದಿನ ಯಾರು ಯಾವ ಬಸ್ಸು, ಯಾವ ಮನೇಲಿ ಮಂಚ ಕಮ್ಮಿ ಬೀಳತ್ತೆ, ಎಲ್ಲ ಇವರ ತಲೆ ಮೇಲೆ. ನಿಮ್ಮ ಪಕ್ಕದ ಮನೆ ಆಂಟಿ ಲೆಕ್ಕ ಬರೀತಿದ್ರು ಅಂದ್ರಲ್ಲ, ಅವರಿಗೆ ಕಣ್ಣು ಮುಚ್ಕೊಂಡು ಫೈನಾನ್ಸ್ ಕೆಲಸನೇ ಕೊಡ್ತಾರೆ ನೋಡಿ.

ಧಾರವಾಡದಾಂವ
ಅಲ್ರೀ ತಮ್ಮ ರೊಕ್ಕಾ ಹಾಕಿ ಹೋಗಿ ಮಂದಿ ಮಕ್ಕಳ ಗೀಸರ್ ರಿಪೇರಿ ಮಾಡಸೂದ? ಬಾಡಿಗಿ, ಊಟ, ಎಲ್ಲಾ ಅವರದ ಏನ್ರೀ?

ಶಂಕ್ರಣ್ಣ_ಯೂಟಾ
ಹೂಂ ಸಾರ್, ಸಂಬಳ ಅಂತ ಏನೂ ಇಲ್ಲ, ಪಿಂಚಣಿ ಉಳಿತಾಯದಲ್ಲೇ ಆಗ್ಬೇಕು. ಬೇರೆ ದೇಶಕ್ಕೆ ಹೋಗೋರಿಗೆ ಮನೆ ಖರ್ಚು ಭಾರ ಆಗತ್ತೆ ಅಂತ 2011ರಲ್ಲಿ ತಿಂಗಳಿಗೆ 1,400 ಡಾಲರ್ ಮಿತಿ ಇಟ್ರು, ಅದಕ್ಕಿಂತ ಹೆಚ್ಚಾದ್ರೆ ಸಭೆ ಕಟ್ಟತ್ತೆ. ದುಡ್ಡಿಗಿಂತ ದೊಡ್ಡ ತಲೆನೋವು ಆರೋಗ್ಯ. ಅಮೆರಿಕದ ಮೆಡಿಕೇರ್, ಅಂದ್ರೆ ವಯಸ್ಸಾದವರಿಗಿರೋ ಸರ್ಕಾರಿ ಆರೋಗ್ಯ ವಿಮೆ, ಹೊರದೇಶದಲ್ಲಿ ಸಾಮಾನ್ಯವಾಗಿ ನಡೆಯಲ್ಲ, ಬೇರೆ ಇನ್ಶೂರೆನ್ಸ್ ಮಾಡಿಸಲೇಬೇಕು. ಅರ್ಜಿ ಹಾಕುವಾಗ ಡಾಕ್ಟರು ಹಲ್ಲಿನ ಡಾಕ್ಟರು ಇಬ್ಬರ ಹತ್ರಾನೂ ಚೆಕಪ್ ಆಗ್ಬೇಕು. ಎಷ್ಟೋ ಜನಕ್ಕೆ ಮನಸ್ಸಿದ್ರೂ ಅಲ್ಲೇ ನಿಂತೋಗತ್ತೆ.

ನೇರನುಡಿ
ಎಲ್ಲಾ ಸರಿ. ಆದ್ರೆ ಒಂದು ವಿಷಯ ಬಿಚ್ಚಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಹುಡುಗ್ರು ಹೋಗೋದು ಮತ ಪ್ರಚಾರಕ್ಕೆ ತಾನೇ? ಅವರಿಗೆ ಮನೆ ಹುಡುಕಿ ಕೊಟ್ಟು ಬಿಲ್ ಕಟ್ಟೋದೂ ಅದೇ ಕೆಲಸದ ಭಾಗ. ಬಾಗಿಲು ತಟ್ಟೋ ಕೈ ಬೇರೆ, ಅಷ್ಟೇ. ತುಂಗಾತೀರ ಅವರ ಯಜಮಾನ್ರು ಹೇಳಿದ್ದು ಪೂರ್ತಿ ತಪ್ಪೇನಲ್ಲ. ಒಳ್ಳೆ ನೆರೆಯವರು ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಬೆಂಗ್ಳೂರ್_ಸೌತ್
ನೇರನುಡಿ ಸಾರ್ ಮಾತಿಗೆ ನಾನು ಉತ್ತರ ಕೊಡ್ತೀನಿ, ಯಾಕಂದ್ರೆ ನಾನು ಅದೇ ಸಭೆಯವನು, ಬೆಂಗಳೂರಲ್ಲೇ ಹುಟ್ಟಿ ಬೆಳೆದವನು, ಮನೆ ಮಾತು ಕನ್ನಡ. ನಂಬಿಕೆ ಹಂಚ್ಕೊಳ್ಳೋದು ನಮ್ಮಲ್ಲಿ ಇದೆ, ಅದನ್ನ ಮುಚ್ಚಿಡಲ್ಲ. ಬೆಂಗಳೂರು ಮಿಷನ್ 1993ರಿಂದ ಇದೆ. 2018ರಲ್ಲಿ ಇಲ್ಲಿ ದೇವಾಲಯ ಕಟ್ತೀವಿ ಅಂತ ಘೋಷಣೆ ಆಯ್ತು, 2020ರ ಡಿಸೆಂಬರಲ್ಲಿ ಭೂಮಿಪೂಜೆ ಆಯ್ತು. ನಾನು ಮಿಷನ್ ಮಾಡಿದ್ದು ತೆಲುಗು ಸೀಮೆಯಲ್ಲಿ, ನನ್ನ ಜೊತೆಗಿದ್ದ ಹುಡುಗ್ರಲ್ಲಿ ಹೆಚ್ಚಿನವರು ನಮ್ಮ ದೇಶದವರೇ.

ಆದ್ರೆ ಸೀನಿಯರ್ ದಂಪತಿ ಅಂದ್ರೆ ನಂಗೆ ನೆನಪಾಗೋದು ಪ್ರಚಾರ ಅಲ್ಲ. ನಮಗಿದ್ದ ಸಿಸ್ಟರ್ (ನಮ್ಮ ಸಭೇಲಿ ಹೆಂಗಸರನ್ನ ಹಾಗೇ ಕರೆಯೋದು) ಅಮೆರಿಕದ ಐಡಹೋದ ಆಲೂಗಡ್ಡೆ ರೈತರ ಹೆಂಡ್ತಿ, ಅಲ್ಲಿವರೆಗೂ ದೇಶ ಬಿಟ್ಟು ಹೊರಗೆ ಬಂದವರಲ್ಲ. ತಿಂಗಳಿಗೊಮ್ಮೆ ನಮ್ಮ ರೂಮ್ ನೋಡೋಕೆ ಬರೋರು. ಬಂದವರೇ ಮೊದ್ಲು ಬಾತ್‌ರೂಮ್ ಮೂಲೆ, ಆಮೇಲೆ ವಾಟರ್ ಫಿಲ್ಟರ್, ಆಮೇಲೆ ಕಿಟಕಿಯ ಸೊಳ್ಳೆ ಪರದೆ. ಪರದೆ ಹರಿದಿದ್ರೆ ಚೀಲದಿಂದ ಸೂಜಿ ದಾರ ತೆಗೆದು ಅಲ್ಲೇ ಕೂತು ಹೊಲಿಯೋರು. ಅವರ ಯಜಮಾನ್ರು ಅಷ್ಟರಲ್ಲಿ ಗ್ಯಾಸ್ ಪೈಪು ಬಗ್ಗಿ ನೋಡಿ, ಕುಕ್ಕರ್ ಗ್ಯಾಸ್ಕೆಟ್ ಬದಲಾಯಿಸಿ ಅಂತ ಚೀಟೀಲಿ ಬರೆದು ಫ್ರಿಜ್ಜಿಗೆ ಅಂಟಿಸಿ ಹೋಗೋರು.

ಆಮೇಲೆ ನಂಗೆ ಡೆಂಗ್ಯೂ ಆಯ್ತು. ಪ್ಲೇಟ್‌ಲೆಟ್ ಇಳೀತಾ ಇತ್ತು. ಬೆಂಗಳೂರಿಂದ ಅಮ್ಮ ಬರೋ ತನಕ ಆ ಸಿಸ್ಟರ್ ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚೀಲೇ ಕೂತಿದ್ರು. ಒಂದು ಸಣ್ಣ ನೋಟ್‌ಬುಕ್ಕಲ್ಲಿ ಗಂಟೆ, ಜ್ವರ ಎಷ್ಟು, ಎಷ್ಟು ನೀರು ಕುಡಿದ, ಎಲ್ಲ ಪೆನ್ಸಿಲಲ್ಲಿ ಬರೀತಿದ್ರು. ಬೆಳಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ಅದನ್ನ ಕೈಗೆ ತಗೊಂಡು ನೀವು ನರ್ಸಾ ಅಂತ ಕೇಳಿದ್ರು. ಅಮ್ಮಂಗೆ ಇಂಗ್ಲಿಷ್ ಬರಲ್ಲ, ಅವರಿಗೆ ಕನ್ನಡ ಬರಲ್ಲ, ಇಬ್ರೂ ಕೈ ಹಿಡ್ಕೊಂಡು ಕಾರಿಡಾರಲ್ಲಿ ಕೂತಿದ್ದನ್ನ ನಾನು ಬಾಗಿಲ ಸಂದಿಯಿಂದ ನೋಡಿದೀನಿ. ನಮ್ಮಮ್ಮ ಇವತ್ತಿಗೂ ಗಣಪತಿ ಹಬ್ಬ ಮಾಡ್ತಾರೆ, ಅವರನ್ನ ಯಾರೂ ಬದಲಾಯಿಸೋಕೆ ಹೋಗ್ಲಿಲ್ಲ.

ಬೆಟ್ಟದಹೂ
ಓದಿ ಕಣ್ಣು ತುಂಬಿ ಬಂತು ❤️

ನೇರನುಡಿ
ಆ ತಾಯಿ ಮಾಡಿದ್ದು ದೊಡ್ಡದೇ, ಅದರಲ್ಲಿ ಎರಡು ಮಾತಿಲ್ಲ. ನಾನು ಕೇಳ್ತಿರೋದು ವ್ಯವಸ್ಥೆ ಬಗ್ಗೆ, ವ್ಯಕ್ತಿ ಬಗ್ಗೆ ಅಲ್ಲ.

ಕುಡ್ಲದ_ಕರಾವಳಿ
ಮಾರಾಯ್ರೆ, ಈ ಚರ್ಚೆ ನಮ್ಮ ಊರಿನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಕಾಲದಿಂದಲೇ ಉಂಟು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಮೂವರು ಮಂಗಳೂರಿಗೆ ಬಂದ್ರು. ನಾವು ನೆನಪಿಟ್ಟುಕೊಳ್ಳುವುದು ಅಚ್ಚುಕೂಟ, ಹೆಂಚಿನ ಕಾರ್ಖಾನೆ, ಮೊಗ್ಲಿಂಗರ 1843ರ ಮಂಗಳೂರು ಸಮಾಚಾರ, ಕಿಟೆಲರ 1894ರ ನಿಘಂಟು. ಹೆಂಗಸರ ಕತೆ ಯಾರಿಗೂ ಗೊತ್ತಿಲ್ಲ. ಮಿಷನರಿ ಬರುವಾಗ ಮದುವೆ ಆಗಿರಬಾರದು ಎಂಬ ನಿಯಮ ಇತ್ತು, ಕೆಲವು ವರ್ಷ ಕಳೆದ ಮೇಲೆ ಅವನು ಕಮಿಟಿಗೆ ಅರ್ಜಿ ಹಾಕಬೇಕು, ಕಮಿಟಿ ಒಪ್ಪಿದ ಹುಡುಗಿ ಹಡಗು ಹತ್ತಿ ಬರಬೇಕು, ಎಷ್ಟೋ ಸಲ ಗಂಡನ ಮುಖ ಸರಿಯಾಗಿ ನೋಡುವುದೇ ಇಲ್ಲಿ ಬಂದ ಮೇಲೆ. ಮಕ್ಕಳಾದರೆ ಶಾಲೆಯ ವಯಸ್ಸಿಗೆ ಬಾಸೆಲ್‌ಗೆ ಕಳಿಸಬೇಕು, ಅಲ್ಲಿ 1853ರಿಂದ ಮಿಷನರಿ ಮಕ್ಕಳಿಗೆಂದೇ ಒಂದು ಮನೆ ಇತ್ತು. ಆರೇಳು ವರ್ಷದ ಮಗುವನ್ನು ಹಡಗಿಗೆ ಹತ್ತಿಸಿದರೆ ಮತ್ತೆ ಯಾವಾಗ ನೋಡುವುದೋ. ಕಿಟೆಲರ ಮೊದಲ ಹೆಂಡತಿ ಇಲ್ಲಿಯೇ ತೀರಿಕೊಂಡರು. ಮೊಗ್ಲಿಂಗರು ಕೊಡಗು ಬಿಟ್ಟು 1860ರಲ್ಲಿ ಊರಿಗೆ ಹೋದದ್ದೂ ಹೆಂಡತಿಯ ಆರೋಗ್ಯ ಕೆಟ್ಟು.

ಅದಕ್ಕೇ ನನಗೆ ಈ ಯೂಟಾದ ಕ್ರಮ ಮೆಚ್ಚುಗೆ ಆಗುವುದು. ಮಕ್ಕಳನ್ನು ಸಾಕಿ, ಮದುವೆ ಮಾಡಿ, ಎಲ್ಲ ಮುಗಿಸಿ, ಇಬ್ಬರೂ ಕೂತು ಮಾತಾಡಿ ಹೊರಡುತ್ತಾರೆ. ಯಾರ ಬಾಲ್ಯವೂ ಅದಕ್ಕೆ ಬಲಿ ಆಗುವುದಿಲ್ಲ.

ಧಾರವಾಡದಾಂವ
ಇದು ಗೊತ್ತಿದ್ದಿಲ್ಲ ನೋಡ್ರಿ. ನಮ್ಮ ಧಾರವಾಡದಾಗ ಬಾಸೆಲ್ ಮಿಷನ್ ಸಾಲಿ ಐತಿ, ನಮ್ಮಪ್ಪ ಅಲ್ಲೇ ಕಲ್ತಾರ. ಆ ಮಾಸ್ತರ್ ಮಂದಿ ಹೆಸರು ಇವತ್ತಿಗೂ ಹೇಳ್ತಾರ, ಅವರ ಹೆಂಡರ ಹೆಸರು ಒಂದೂ ನಮಗ ಗೊತ್ತಿಲ್ಲ.

ಕಾಫಿಕಣಿವೆ
ಯಾರ ಬಾಲ್ಯವೂ ಬಲಿ ಆಗಲ್ಲ ಸರಿ, ಮೊಮ್ಮಕ್ಕಳು? ನಮ್ಮ ಅತ್ತೆ ಮಾವ ಹೀಗೆ 18 ತಿಂಗಳು ಹೋಗ್ತೀವಿ ಅಂದಿದ್ರೆ ನಾನು ಕೆಲಸ ಬಿಡ್ಬೇಕಾಗಿತ್ತು. ನಮ್ಮಂಥವರ ಮನೆ ನಡೀತಿರೋದೇ ಅಜ್ಜ ಅಜ್ಜಿ ಕೈಯಲ್ಲಿ. ಇದನ್ನ ಸುಮ್ನೆ ಹೊಗಳ್ತಾ ಕೂತ್ರೆ ಆಗಲ್ಲ.

ಮೈಸೂರ್_ಮಂಗಳಾ
ಕಾಫಿಕಣಿವೆ ಅವರೇ, ನನಗೆ 66 ವರ್ಷ, ಮೂರು ಸಲ ಅಮೆರಿಕಕ್ಕೆ ಬಾಣಂತನಕ್ಕೆ ಹೋಗಿದ್ದೀನಿ, ಆದ್ದರಿಂದ ಹಕ್ಕಿನಿಂದ ಹೇಳ್ತೀನಿ. ಆರು ತಿಂಗಳ ವೀಸಾ, ಬೆಳಗ್ಗೆ ಐದಕ್ಕೆ ಎದ್ದು ಮಗೂಗೆ ನೀರು ಹಾಕೋದು, ತಿಂಡಿ, ಡಬ್ಬಿ, ಬಟ್ಟೆ ಮಡಚೋದು, ಮಧ್ಯಾಹ್ನ ಮಗು ಮಲಗಿದಾಗ ಕಿಟಕಿಯಿಂದ ಹಿಮ ನೋಡೋದು. ಮಗಳ ಮೇಲೆ ಪ್ರೀತಿ ಇದೆ, ಮಾಡಿದ್ದಕ್ಕೆ ಬೇಸರ ಇಲ್ಲ. ಆದ್ರೆ ನಿಮಗೆ ಬರೋಕೆ ಇಷ್ಟ ಇದ್ಯಾ ಅಂತ ಒಂದು ಸಲಾನೂ ಯಾರೂ ಕೇಳ್ಲಿಲ್ಲ, ಟಿಕೆಟ್ ಬುಕ್ ಆದ್ಮೇಲೆ ತಾರೀಖು ಹೇಳಿದ್ರು. ನಮ್ಮೆಜಮಾನ್ರಿಗಂತೂ ಅಲ್ಲಿ ಮಾತಾಡೋಕೇ ಜನ ಇಲ್ಲ, ಪಾರ್ಕಿಗೆ ಹೋಗಿ ಬೇರೆ ಅಜ್ಜಂದಿರು ಸಿಕ್ರೆ ಅವತ್ತು ಹಬ್ಬ. ತುಂಗಾತೀರ ಪಕ್ಕದ ಮನೆಯವರು ಇನ್ನೊಬ್ಬರ ಮಕ್ಕಳ ಸೇವೆಗೆ ಹೋಗ್ತಿರೋದು ನಂಗೆ ಆಶ್ಚರ್ಯ ಅನ್ಸಲ್ಲ. ಅವರು ತಾವೇ ಕೂತು ತೀರ್ಮಾನ ಮಾಡಿ, ಹೋಗಿ ಬರ್ತೀವಿ ಅಂತ ಮಕ್ಕಳಿಗೆ ಹೇಳಿದ್ರಲ್ಲ, ಅದು ನಂಗೆ ದೊಡ್ಡದಾಗಿ ಕಾಣೋದು.

ಕಾಫಿಕಣಿವೆ
ಆಂಟಿ ನೀವು ಹೇಳಿದ್ದನ್ನ ನನ್ನ ಗಂಡನಿಗೂ ಓದಿ ಹೇಳ್ದೆ. ಆದ್ರೂ ಡೇಕೇರ್ ಫೀಸ್ ನೋಡಿದವರಿಗೆ ನಮ್ಮ ಕಷ್ಟಾನೂ ಅರ್ಥ ಆಗತ್ತೆ ಅನ್ಕೋತೀನಿ.

ಮೈಸೂರ್_ಮಂಗಳಾ
ಅರ್ಥ ಆಗತ್ತಮ್ಮ. ಕೇಳಿ ಕರೆಸ್ಕೊಳ್ಳಿ ಅಂತ ಅಷ್ಟೇ ಹೇಳಿದ್ದು.

ಡ್ರೇಪರ್_ದೀಪು
ಇನ್ನೊಂದು ವಿಷಯ ಯಾರೂ ಹೇಳ್ಲಿಲ್ಲ. ಎಲ್ರೂ ದೂರ ಹೋಗ್ಲೇಬೇಕು ಅಂತಿಲ್ಲ, ಮನೇಲೇ ಇದ್ದು ಸೇವೆ ಮಾಡೋ ದಂಪತಿಗಳೂ ತುಂಬ ಇದ್ದಾರೆ. ನಮ್ಮ ಬೀದಿಯ ಅಂಕಲ್ ಆಂಟಿ ಬೆಳಗ್ಗೆ ಟ್ರೇನ್ ಹಿಡಿದು ಸಾಲ್ಟ್‌ಲೇಕ್ ವಂಶಾವಳಿ ಲೈಬ್ರರಿಗೆ ಹೋಗ್ತಾರೆ. ನಾನು ಒಂದ್ಸಲ ಜೊತೆಗೆ ಹೋಗಿದ್ದೆ. ಬಂದವರ ಪಕ್ಕದಲ್ಲಿ ಕೂತು ಹಳೇ ದಾಖಲೆ ಹುಡುಕಿ ಕೊಡೋದು ಇವರ ಕೆಲಸ. ಹರಿದ್ವಾರದ ಪಂಡಾಗಳು ಯಾತ್ರಿಕರ ಮನೆತನ ಬರೆದಿಟ್ಟ ಉದ್ದುದ್ದ ಬಹಿಗಳಿವೆಯಲ್ಲ, ಅದರ ಫೋಟೋ ಪ್ರತಿಗಳೂ ಅವರ ಸಂಗ್ರಹದಲ್ಲಿವೆ ಅಂತ ಗೊತ್ತಾಗಿ ನಂಗೆ ಮೈ ಜುಂ ಅಂತು. ಆ ಆಂಟಿಗೆ ದೇವನಾಗರಿ ಒಂದಕ್ಷರ ಬರಲ್ಲ, ಆದ್ರೂ ಯಾವ ಊರಿನ ಬಹಿ ಯಾವ ಫೋಲ್ಡರಲ್ಲಿದೆ ಅಂತ ಹುಡುಕಿ ತೋರಿಸಿದ್ರು.

ಬೆಟ್ಟದಹೂ
ಕನ್ನಡ ಮನೆತನಗಳೂ ಸಿಗುತ್ತಾ ಅದರಲ್ಲಿ?

ಡ್ರೇಪರ್_ದೀಪು
ನಾನು ನೋಡಿದ್ದೆಲ್ಲ ಉತ್ತರದ ಕಡೆಯವರದೇ. ನಮ್ಮ ಕಡೆಯವರು ವಂಶಾವಳಿ ಬೇಕು ಅಂದ್ರೆ ಮಠದ ಕಡತ, ಊರಿನ ಶಾನುಭೋಗರ ಲೆಕ್ಕ ಇವನ್ನೇ ಹುಡುಕ್ಬೇಕು.

ತುಂಗಾತೀರ
ಎಷ್ಟು ವಿಷಯ ಸಿಕ್ತು! ನಿನ್ನೆ ಸಂಜೆ ಅವರ ಮನೆಗೆ ಹೋಗಿದ್ದೆ, ಶಂಕ್ರಣ್ಣ ನೀವು ಹೇಳಿದ್ದು ಹಂಗೇ ಆಯ್ತು, ಆಂಟಿಗೆ ಮಿಷನ್ ಆಫೀಸಲ್ಲಿ ಲೆಕ್ಕಪತ್ರ, ಅಂಕಲ್‌ಗೆ ಮನೆ ಮತ್ತು ಗಾಡಿಗಳ ಉಸ್ತುವಾರಿ. ಊಟದ ಟೇಬಲ್ ತುಂಬ ಫೈಲು. ಒಂದು ಹಾಳೇಲಿ ಮೊಮ್ಮಕ್ಕಳ ಹುಟ್ಟಿದಹಬ್ಬ ಎಲ್ಲ ಬರೆದು ಪಕ್ಕದಲ್ಲಿ ಅಲ್ಲಿಯ ಟೈಮ್, ಇಲ್ಲಿಯ ಟೈಮ್ ಎರಡೂ ಹಾಕಿಟ್ಟಿದ್ದಾರೆ, ಫೋನ್ ಮಾಡೋಕೆ. ಮನೆಗೆ ಅವರ ಅಣ್ಣನ ಮಗ ಬಂದಿರ್ತಾನಂತೆ. ನೇರನುಡಿ ಸಾರ್, ನಿಮ್ಮ ಪ್ರಶ್ನೆಯನ್ನೂ ಕೇಳೇಬಿಟ್ಟೆ. ಅವರು ಬೇಜಾರು ಮಾಡ್ಕೊಳ್ಳಲಿಲ್ಲ. ಹೌದು, ಆ ಹುಡುಗ್ರು ಸುವಾರ್ತೆ ಹೇಳೋಕೇ ಹೋಗಿರೋದು, ನಮಗೂ ಆ ನಂಬಿಕೆ ಇದೆ, ಅದಿಲ್ಲದೆ ನಾವು ಮನೆ ಬಿಟ್ಟು ಹೊರಡ್ತಾ ಇರಲಿಲ್ಲ ಅಂದ್ರು.

ಈಗ ಬೀಳ್ಕೊಡುಗೆಗೆ ಏನು ಕೊಡ್ಲಿ ಹೇಳಿ.

ನೇರನುಡಿ
ನೇರವಾಗಿ ಹೇಳಿದ್ರಲ್ಲ, ಅದು ನನಗೆ ಇಷ್ಟ ಆಯ್ತು. ನನ್ನ ಅಭಿಪ್ರಾಯ ಬದಲಾಗಿಲ್ಲ, ಆದ್ರೆ ಅವರ ಮೇಲೆ ಗೌರವ ಇದೆ. ಹೋಗಿ ಬರ್ಲಿ, ಆರೋಗ್ಯವಾಗಿರ್ಲಿ.

ಶಂಕ್ರಣ್ಣ_ಯೂಟಾ
ಕಾಫಿ ಪುಡಿ ಟೀ ಪುಡಿ ಮಾತ್ರ ಕೊಡ್ಬೇಡಿ, ಅವರಲ್ಲಿ ಎರಡೂ ನಿಷಿದ್ಧ. ನಾನು ಯಾರಾದ್ರೂ ಮನೆಗೆ ಬಂದ್ರೆ ಬಾದಾಮಿ ಹಾಲು ಇಲ್ಲಾ ಮಜ್ಜಿಗೆ ಕೊಡ್ತೀನಿ. ಇನ್ನೊಂದು, ತಿಂಗಳ ಮೊದಲ ಭಾನುವಾರ ಊಟಕ್ಕೆ ಕರೀಬೇಡಿ, ಅವತ್ತು ಎರಡು ಹೊತ್ತು ಉಪವಾಸ ಮಾಡಿ ಆ ಊಟದ ದುಡ್ಡನ್ನ ಬಡವರಿಗೆ ಕೊಡ್ತಾರೆ.

ಬೆಟ್ಟದಹೂ
ಲಗೇಜ್ ತೂಕ ನೆನಪಿರ್ಲಿ ಅಕ್ಕ. ತೆಳ್ಳಗಿನ ಹತ್ತಿ ಟವೆಲ್ಲು ಒಳ್ಳೇದು, ಫಿಲಿಪೀನ್ಸ್ ಸೆಕೆ ಊರು, ದಪ್ಪ ಟವೆಲ್ ಒಣಗಲ್ಲ.

ಬೆಂಗ್ಳೂರ್_ಸೌತ್
ಅಕ್ಕ, ಏನು ಕೊಟ್ರೂ ಖುಷಿ ಪಡ್ತಾರೆ, ಆದ್ರೆ ಹೋದ್ಮೇಲೆ ಆಗಾಗ ಮೆಸೇಜ್ ಮಾಡ್ತಿರಿ. ಹುಡುಗ್ರಿಗಾದ್ರೆ ವಾರವಾರ ಮನೆಗೆ ಫೋನ್ ಮಾಡೋಕೆ 2019ರಿಂದ ಬಿಟ್ಟಿದ್ದಾರೆ, ಜೊತೇಲಿ ಅವರ ವಯಸ್ಸಿನವರೂ ಇರ್ತಾರೆ. ಸೀನಿಯರ್ ದಂಪತಿಗೆ ಎಷ್ಟೋ ಊರಲ್ಲಿ ಅವರ ವಯಸ್ಸಿನ ಇನ್ನೊಂದು ಜೋಡಿ ಸಿಗೋದೇ ಕಷ್ಟ. ಮೊದಲ ಎರಡು ಮೂರು ತಿಂಗಳು ತುಂಬ ಒಂಟಿತನ ಕಾಡತ್ತೆ ಅಂತ ನಮ್ಮ ಸಿಸ್ಟರ್ ಆಮೇಲೆ ಹೇಳಿದ್ರು.

ಧಾರವಾಡದಾಂವ
ಮತ್ತ ಗಂಡಾ ಹೆಂಡ್ತಿ ದಿನಾ ಪೂರ್ತಿ ಒಂದ ಆಫೀಸು, ಒಂದ ಮನಿ. ನಾವಾದ್ರ ಜಗಳಾಡತಿದ್ವಿ ನೋಡ್ರಿ. ಅವರೇನ ಮಾಡ್ತಾರೋ.

ಶಂಕ್ರಣ್ಣ_ಯೂಟಾ
ಅವರೂ ಆಡ್ತಾರೆ ಸಾರ್. ಆ ಅತ್ತೆ ಮಾವ ಆಫೀಸಲ್ಲಿ ಬೇರೆ ಬೇರೆ ಕೋಣೆ ಮಾಡ್ಕೊಂಡಿದ್ರಂತೆ.

ನಿವೃತ್ತ_ರಾಯರು
ತುಂಗಾತೀರ ಅವರು ತಂದೆಯ ವಿಷಯ ಬರೆದಿದ್ದರು, ಚರ್ಚೆ ಬೇರೆ ಕಡೆ ಹೋಯಿತು. ನಾನೂ ಬ್ಯಾಂಕಿನಲ್ಲೇ ಇದ್ದವನು. ನಾನು ಮತ್ತು ನನ್ನ ಮನೆಯವಳು ವೈಟ್‌ಫೀಲ್ಡಿನ ಸತ್ಯಸಾಯಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗೆ ಸೇವೆಗೆ ಹೋಗುತ್ತೇವೆ, 2001ರಲ್ಲಿ ಶುರುವಾದದ್ದು, ರೋಗಿಗಳಿಗೆ ಚಿಕಿತ್ಸೆ ಉಚಿತ. ದೂರದ ಊರುಗಳಿಂದ ಬೆಳಗಿನ ಜಾವಕ್ಕೇ ಬಂದು ನಿಂತಿರುತ್ತಾರೆ. ಯಾವ ಕೋಣೆಗೆ ಹೋಗಬೇಕು, ಯಾವ ಚೀಟಿ ತೋರಿಸಬೇಕು ಎಂದು ಗೊತ್ತಾಗದೆ ಒದ್ದಾಡುವವರ ಜೊತೆ ನಡೆದು ಹೋಗುವುದು, ಗಾಲಿಕುರ್ಚಿ ತಳ್ಳುವುದು ನಮ್ಮ ಕೆಲಸ. ಬಸ್ ಖರ್ಚು ನಮ್ಮದು. ನಮ್ಮವರಲ್ಲಿ ಇಂಥದ್ದು ಇಲ್ಲ ಎಂದುಕೊಳ್ಳಬೇಡಿ, ಕೇಳಿಕೊಂಡು ಹೋಗಬೇಕು ಅಷ್ಟೇ.

ತುಂಗಾತೀರ
ಸಾರ್ ತುಂಬ ಥ್ಯಾಂಕ್ಸ್. ಅಪ್ಪಂಗೆ ಬೆಂಗಳೂರಿಗೆ ಓಡಾಡೋದು ಕಷ್ಟ. ಶಿವಮೊಗ್ಗದಲ್ಲೇ ಏನಾದ್ರೂ? ಅಮ್ಮಂಗೂ ಸೇರಿಸಿ ಆದ್ರೆ ಇನ್ನೂ ಒಳ್ಳೇದು, ಅವರೂ ಟೀಚರ್ ಆಗಿದ್ದವರು.

ಮೈಸೂರ್_ಮಂಗಳಾ
ಮೊದ್ಲು ಅವರಿಬ್ಬರನ್ನೂ ಕೇಳಮ್ಮ!

ನಿವೃತ್ತ_ರಾಯರು
ಮಂಗಳಾ ಅವರ ಮಾತು ಸರಿ. ಅವರಿಗೆ ಒಪ್ಪಿಗೆಯಾದರೆ ಹೇಳಿ, ನವೆಂಬರಿನಲ್ಲಿ ಪಿಂಚಣಿದಾರರೆಲ್ಲ ಜೀವಂತ ಇರುವ ಪ್ರಮಾಣಪತ್ರ ಕೊಡಬೇಕು, ಬೆರಳಚ್ಚು ಹತ್ತದೆ ಎಂಬತ್ತು ದಾಟಿದವರು ಬ್ಯಾಂಕಿನ ಬೆಂಚಿನ ಮೇಲೆ ಗಂಟೆಗಟ್ಟಲೆ ಕೂತಿರುತ್ತಾರೆ. ಈಗ ಮೊಬೈಲಿನಲ್ಲಿ ಮುಖ ತೋರಿಸಿಯೂ ಮಾಡಬಹುದು, ಎಷ್ಟೋ ಜನಕ್ಕೆ ಅದು ಗೊತ್ತಿಲ್ಲ, ಹಾಸಿಗೆ ಹಿಡಿದವರಿಗಂತೂ ಮನೆಗೇ ಹೋಗಿ ಮಾಡಿಕೊಡುವವರು ಬೇಕು. ತಂದೆಯವರಿಗೆ ಬ್ಯಾಂಕಿನ ಕೆಲಸ ಗೊತ್ತು, ತಾಯಿಯವರು ಜೊತೆಗಿದ್ದರೆ ಹೆಂಗಸರು ಒಂಟಿಯಾಗಿರುವ ಮನೆಗಳಿಗೂ ಹೋಗಬಹುದು. ನನಗೆ ಇಲ್ಲೇ ಸಂದೇಶ ಕಳಿಸಿ, ಹೇಗೆ ಮಾಡುವುದೆಂದು ಫೋನಿನಲ್ಲಿ ಅವರಿಗೇ ಹೇಳಿಕೊಡುತ್ತೇನೆ.